ಮೂರನೇ ಸೀನಿಗೇ ಮುಗಿದ ನಾಟಕ

“ಅಪ್ಪಾ, ಯಾವಾಗ ಬಂದಿ?”

ಹುಕ್ಕೇರಿಯಲ್ಲಿ ಸಹೋದ್ಯೋಗಿಯೊಬ್ಬರ ಮಗನ ಮದುವೆಯ ರಿಸೆಪ್ಷನ್. ಜೈನರ ಮನೆಯ ಕಾರ್ಯಕ್ರಮ. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಹಾಗಾಗಿ ಸಂಜೆ ನಾಲ್ಕೂವರೆಗೇ ಪ್ಲೇಟು ಹಿಡಿದು ಹೋಳಿಗೆಯ ಕ್ಯೂನಲ್ಲಿ ನಿಂತಿದ್ದೆ. ಬೆನ್ನ ಹಿಂದಿನಿಂದ ಈ ಪ್ರಶ್ನೆ ಬಂತು.

ಮಗಳು ಮನೆಯಲ್ಲಿ ಪರೀಕ್ಷೆಗೆ ಓದುತ್ತಿದ್ದಾಳೆ, ಇಲ್ಲಿಗೆ ಹೇಗೆ ಬಂದಳು ಅಂತ ತಿರುಗಿದೆ. ಮಗಳಲ್ಲ. ನನ್ನದೇ ವಯಸ್ಸಿನ ಹೆಂಗಸು. ರೇಷ್ಮೆ ಸೀರೆ, ಕಿವಿಯ ಪಕ್ಕ ಬೆಳ್ಳಗಾದ ಕೂದಲು, ದಪ್ಪ ಕನ್ನಡಕ. ನನ್ನ ಮುಖ ನೋಡಿ ನಗುತ್ತಿದ್ದಾರೆ.

ನಲವತ್ತೈದು ದಾಟಿದ ಹೆಂಗಸು ಅಷ್ಟೇ ವಯಸ್ಸಿನ ಗಂಡಸನ್ನು, ಅದೂ ಆತನ ಹೆಂಡತಿಯ ಎದುರಿಗೇ, ‘ಅಪ್ಪಾ’ ಅಂದರೆ ಏನು ಮಾಡಬೇಕು? ನಾನು ಹೋಳಿಗೆಯ ಕಡೆ ನೋಡಿದೆ. ಹೆಂಡತಿ ನನ್ನ ಕಡೆ ನೋಡಿದಳು.

“ಗುರ್ತ ಹತ್ತಲಿಲ್ಲೇನ್ರಿ? ಮೂಡಲಗಿ ಹೈಸ್ಕೂಲು. ಗ್ಯಾದರಿಂಗಿನ ನಾಟಕ. ನಾ ಪದ್ಮಜಾ.”

ಪ್ಲೇಟು ಕೈಯಲ್ಲೇ ಇತ್ತು. ನಾನು ಮಾತ್ರ ಹುಕ್ಕೇರಿಯಲ್ಲಿ ಇರಲಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ನಾನು ನಾಗನೂರಿನಿಂದ ಮೂಡಲಗಿಗೆ ಸೈಕಲ್ ಮೇಲೆ ಬರುತ್ತಿದ್ದೆ. ಆ ದಿನಗಳು ಈಗ ನೆನಪಿಗೆ ಬರುವುದೇ ಒಂದು ಬೆಳಗಿನ ಹಾಗೆ. ರಸ್ತೆಯ ಎರಡೂ ಬದಿಗೆ ಆಳೆತ್ತರದ ಕಬ್ಬು. ಅದರ ಮೇಲೆ ತೆಳ್ಳನೆಯ ಮಂಜು. ಎಲ್ಲೋ ಒಳಗಿನ ಹೊಲದಲ್ಲಿ ಬೆಲ್ಲ ಕುದಿಯುವ ವಾಸನೆ. ಮುಂದೆ ಹೊರಟ ಕಬ್ಬಿನ ಟ್ರಾಲಿಯ ಹಗ್ಗ ಹಿಡಿದುಕೊಂಡರೆ ಪೆಡಲ್ ತುಳಿಯುವ ಕೆಲಸವಿಲ್ಲ. ಕಣ್ಣು ಅರ್ಧ ಮುಚ್ಚಿ ತೇಲಿಕೊಂಡು ಹೋದರೆ ಸಾಲಿಯ ಗೇಟೇ ಬಂದುಬಿಡುತ್ತಿತ್ತು. (ಮಕ್ಕಳೇ, ನೀವು ಹಾಗೆ ಮಾಡಬೇಡಿ. ಅಪಾಯ. ನಮಗೆ ಹೇಳುವವರಿರಲಿಲ್ಲ.)

ನಮ್ಮದು ಹುಡುಗ-ಹುಡುಗಿಯರು ಒಟ್ಟಿಗೆ ಕಲಿಯುವ ಸಾಲಿ. ಒಟ್ಟಿಗೆ ಅಂದರೆ ಒಂದೇ ಕೋಣೆಯಲ್ಲಿ ಅಂತ ಅಷ್ಟೇ. ಎಡಕ್ಕೆ ಅವರು, ಬಲಕ್ಕೆ ನಾವು. ನಡುವೆ ಸರ್ ಓಡಾಡುವ ದಾರಿ. ಆ ದಾರಿಯನ್ನು ಮೂರು ವರ್ಷದಲ್ಲಿ ಒಂದು ಮಾತೂ ದಾಟಲಿಲ್ಲ. ಪೆನ್ನು ಉರುಳಿ ಆ ಕಡೆಗೆ ಹೋದರೆ ಹೋಯಿತು. ಹೊಸ ಪೆನ್ನು ತರಬೇಕು. ಇಂದಿನ ಹುಡುಗರಿಗೆ ಇದನ್ನು ಹೇಳಿದರೆ ನಂಬುತ್ತಾರಾ? ನನ್ನ ಮಗಳು ಕ್ಲಾಸಿನ ಹುಡುಗರನ್ನು ‘ಲೇ’ ಅನ್ನದೆ ಮಾತೇ ಶುರು ಮಾಡುವುದಿಲ್ಲ.

ಅಂಥ ಸಾಲಿಯಲ್ಲಿ, ನಾವು ಹತ್ತನೇ ಇಯತ್ತೆಯಲ್ಲಿದ್ದಾಗ, ನಮ್ಮ ಕನ್ನಡ ಸರ್ ಒಂದು ತೀರ್ಮಾನ ಮಾಡಿದರು. ಈ ಸಲದ ಗ್ಯಾದರಿಂಗಿನ, ಅಂದರೆ ವಾರ್ಷಿಕೋತ್ಸವದ, ನಾಟಕದಲ್ಲಿ ಹುಡುಗಿಯ ಪಾತ್ರವನ್ನು ಹುಡುಗಿಯೇ ಮಾಡಬೇಕು. ನಾಟಕ ಬರೆದವರೂ ಅವರೇ. ರಾಂಪುರ ಎಂಬ ಹಳ್ಳಿ. ಓದಬೇಕೆನ್ನುವ ಮಗಳು, ಬೇಡವೆನ್ನುವ ತಂದೆ. ಆಮೇಲೆ ಮದುವೆ ದಲ್ಲಾಳಿ ಬರುತ್ತಾನೆ. ಆಮೇಲೆ ಕಣ್ಣೀರು. ಕಡೆಗೆ ತಂದೆಯ ಪಶ್ಚಾತ್ತಾಪ ಮತ್ತು ಸರ್ ಬರೆದ ದೊಡ್ಡ ಭಾಷಣ.

ನನಗೆ ಎಲ್ಲರಿಗಿಂತ ಮೊದಲು ದನಿ ಒಡೆದಿತ್ತು. ಹಾಗಾಗಿ ನಾನೇ ತಂದೆ. ಮಗಳು ಪದ್ಮಜಾ.

ಪದ್ಮಜಾಳ ಅಪ್ಪ ಜಿನ್ನಪ್ಪ ಕಾಕಾ. ಮೂಡಲಗಿಯಲ್ಲಿ ಬೀಜ-ಗೊಬ್ಬರದ ಅಂಗಡಿ. ಅವರದೂ ಜೈನರ ಮನೆ. ಊರಿಗೆಲ್ಲ ಕಾಕಾ. ಮಾತು ಕಡಿಮೆ. ಸರ್ ಹೋಗಿ ಕೇಳಿದಾಗ ಅವರು ಹೇಳಿದ್ದು ಇಷ್ಟೇ: “ಹೊತ್ತ ಮುಳುಗುದ್ರಾಗ ಮನಿಗೆ ಕಳಸ್ರಿ. ಊಟಾ ತಪ್ಪಬಾರದು.” ಅಲ್ಲಿಂದ ನಮ್ಮ ಪ್ರಾಕ್ಟೀಸಿಗೆ ಗಡಿಯಾರ ಬೇಕಾಗಲಿಲ್ಲ. ಮೈದಾನದ ಬೇವಿನ ಗಿಡದ ನೆರಳು ಕಾಂಪೌಂಡು ಮುಟ್ಟಿದರೆ ಅವಳು ಚೀಲ ಎತ್ತಿಕೊಂಡು ಹೊರಡುತ್ತಿದ್ದಳು.

ಸ್ಟೇಜಿನ ಮೇಲೆ ನಾವು ತಂದೆ-ಮಗಳು. ಕೆಳಗಿಳಿದರೆ? ಯಥಾಪ್ರಕಾರ ಮೌನ. ನಾನು ಮಾತು ಮರೆತರೆ ಅವಳು ನನಗೆ ನೆನಪಿಸುತ್ತಿರಲಿಲ್ಲ. ಸರ್ ಕಡೆ ತಿರುಗಿ, “ಸರ್, ಅವರು ಮರ್ತಾರ್ರಿ,” ಅನ್ನುತ್ತಿದ್ದಳು. ನಾನೂ ಅಷ್ಟೇ. “ಸರ್, ಅವರಿಗಿ ಒಂಚೂರು ಜೋರಲೆ ಹೇಳಾಕ ಹೇಳ್ರಿ.” ಹದಿನೈದು ವರ್ಷದ ಹುಡುಗ-ಹುಡುಗಿ, ಒಬ್ಬರಿಗೊಬ್ಬರು ‘ಅವರು’. ನಡುವೆ ಪಾಪ, ನಮ್ಮ ಸರ್.

ಆ ಸಂಜೆಗಳಲ್ಲಿ ಸೈಕಲ್ ಹತ್ತಿ ಊರಿಗೆ ಹೊರಟರೆ ದಾರಿ ಮುಗಿಯುವುದೇ ಬೇಡ ಅನ್ನಿಸುತ್ತಿತ್ತು. ಕಬ್ಬಿನ ಗರಿಗಳು ಸುಯ್ಯೆನ್ನುತ್ತಿದ್ದವು. ಆಕಾಶ ಬೆಲ್ಲದ ಬಣ್ಣಕ್ಕೆ ತಿರುಗುತ್ತಿತ್ತು. ನಾನು ನನ್ನ ಮಾತುಗಳನ್ನು ಹೇಳಿಕೊಳ್ಳುತ್ತಿದ್ದೆ. ಆಮೇಲೆ ಅವಳ ಮಾತುಗಳನ್ನೂ. (ಹೆಂಡತಿ ಈ ಅಂಕಣ ತಪ್ಪದೇ ಓದುತ್ತಾಳೆ. ಹಾಗಾಗಿ ಇಲ್ಲಿ ಒಂದು ಪ್ಯಾರಾ ಬಿಟ್ಟಿದ್ದೇನೆ.)

ಗ್ಯಾದರಿಂಗಿನ ದಿನ ಬಂತು. ಪೌಡರ್ ಹಚ್ಚಿ ನನ್ನ ತಲೆ ಬೆಳ್ಳಗೆ ಮಾಡಿದರು. ಕಾಡಿಗೆಯಲ್ಲಿ ಮೀಸೆ ಬರೆದರು. ಧೋತರ ಜಾರದಂತೆ ಸೊಂಟಕ್ಕೆ ಬೆಲ್ಟ್ ಬಿಗಿದರು. ಅವಳು ಐದು ಗಂಟೆಗೇ ಪರದೆಯ ಹಿಂದೆ ಒಬ್ಬಳೇ ಕೂತು ಡಬ್ಬಿ ಬಿಚ್ಚಿ ಊಟ ಮುಗಿಸಿದ್ದಳು. ಮೈದಾನದ ತುಂಬ ಜನ. ಮುಂದಿನ ಸಾಲಿನ ಕುರ್ಚಿಗಳಲ್ಲಿ ಊರಿನ ಹಿರಿಯರು. ಅವರ ನಡುವೆ ಜಿನ್ನಪ್ಪ ಕಾಕಾ, ಬಿಳಿ ಟೊಪ್ಪಿಗೆ, ಮಡಿಲಲ್ಲಿ ಕೈ.

ಮೊದಲ ಎರಡು ಸೀನು ಸಲೀಸು. ಮೂರನೆಯದು ದೊಡ್ಡದು. ಮಗಳು ಕೇಳಬೇಕು: “ತಂದೆಯೇ, ನಾನು ವಿದ್ಯಾಭ್ಯಾಸ ಮುಂದುವರಿಸಲು ಅಪ್ಪಣೆ ನೀಡಿ.” ನಾನು ಕೋಲು ಕುಟ್ಟಿ ಗುಡುಗಬೇಕು: “ಸಾಧ್ಯವಿಲ್ಲ! ಹೆಣ್ಣಾದವಳು ಹೊಸಿಲು ದಾಟಲಾಗದು!” ಆಗ ದಲ್ಲಾಳಿಯ ಪ್ರವೇಶ.

ಪದ್ಮಜಾ ಎದುರಿಗೆ ಬಂದು ನಿಂತಳು. “ತಂದೆಯೇ…” ಅಂದಳು. ನಿಂತಳು.

ಮರೆತಳು ಅಂದುಕೊಂಡೆ. ಮರೆತಿರಲಿಲ್ಲ.

“ಅಪ್ಪಾ, ನಾ ಗೋಕಾಕಕ್ಕ ಕಾಲೇಜಿಗೆ ಹೋಗ್ಲಿ? ದಿನಾ ಬಸ್ಸಿಗೆ ಹೋಗಿ ಬರ್ತೇನಿ. ಹೊತ್ತ ಮುಳುಗುದ್ರಾಗ ಮನಿಯಾಗ ಇರ್ತೇನಿ. ನಿನ್ನ ಹೆಸರ ಕೆಡಸೂದಿಲ್ಲ. ನೀ ಒಂದ ಸಲಾ ಹ್ಞೂ ಅನ್ನು, ಸಾಕು.”

ನಾಟಕದಲ್ಲಿ ಗೋಕಾಕ ಇರಲಿಲ್ಲ. ಬಸ್ಸು ಇರಲಿಲ್ಲ. ಆ ಭಾಷೆಯೇ ಇರಲಿಲ್ಲ. ಅದು ಮನೆಯ ಮಾತು. ಅವಳ ಕಣ್ಣು ನನ್ನ ಮೇಲೂ ಇರಲಿಲ್ಲ. ನನ್ನ ಭುಜದ ಆಚೆ, ಮುಂದಿನ ಸಾಲಿನ ಬಿಳಿ ಟೊಪ್ಪಿಗೆಯ ಮೇಲಿತ್ತು.

ಮೈಕಿನ ಗುಂಯ್ ಶಬ್ದ ಬಿಟ್ಟರೆ ಏನೂ ಇಲ್ಲ. ನನ್ನ ಮಾತು ನನಗೆ ಚೆನ್ನಾಗಿ ನೆನಪಿತ್ತು. ಸಾಧ್ಯವಿಲ್ಲ, ಅಷ್ಟೇ. ಬಾಯಿ ತೆರೆದೆ. ಅವಳ ಗಲ್ಲದ ಬಣ್ಣದ ಮೇಲೆ ಕಣ್ಣೀರು ಗೆರೆ ಎಳೆದಿತ್ತು. ಮೂರು ವರ್ಷ ಒಂದು ಮಾತೂ ಆಡದ ಹುಡುಗಿ ಮೊದಲ ಸಲ ಏನೋ ಕೇಳುತ್ತಿದ್ದಾಳೆ. ನನ್ನನ್ನಲ್ಲ, ನಿಜ. ಆದರೆ ಉತ್ತರ ಕೊಡುವ ಜಾಗದಲ್ಲಿ ನಿಂತವನು ನಾನು. ಇಲ್ಲ ಅನ್ನುವುದು ಹೇಗೆ?

“ಹ್ಞೂನವ್ವಾ. ಹೋಗಿ ಬಾ.”

ಚಪ್ಪಾಳೆ ಬಿತ್ತು ನೋಡಿ! ಹಿಂದಿನಿಂದ ಸೀಟಿ. ಪರದೆಯ ಹಗ್ಗ ಹಿಡಿದವನು ಸೀನು ಮುಗಿಯಿತೆಂದು ಪರದೆ ಎಳೆದೇಬಿಟ್ಟ. ಸರ್ ಓಡಿ ಬಂದರು.

“ಲೇ, ನೀ ಹ್ಞೂ ಅಂದಬಿಟ್ರ ನಾಟಕಾ ಮುಂದ ಹೆಂಗ ಹೊಕ್ಕೈತೋ?”

ಖರೆ. ತಂದೆ ಒಪ್ಪಿದ ಮೇಲೆ ದಲ್ಲಾಳಿ ಯಾಕೆ? ಮದುವೆ ಯಾಕೆ? ಪಶ್ಚಾತ್ತಾಪ ಯಾಕೆ? ಕೊಡೆ, ಕರಿ ಟೊಪ್ಪಿಗೆ ಸಮೇತ ತಯಾರಾಗಿ ನಿಂತಿದ್ದ ದಲ್ಲಾಳಿ ಮಲ್ಲಪ್ಪ ಅಳುವುದಕ್ಕೇ ಶುರು ಮಾಡಿದ. “ನನ್ನ ಪಾರ್ಟ ಬರಲೇ ಇಲ್ರಿ ಸರ್!” ಅವನ ಅವ್ವ ಮೂರು ಮೈಲಿ ನಡೆದು ನೋಡಲು ಬಂದಿದ್ದಳಂತೆ. ಸರ್ ಮೈಕ್ ಮುಂದೆ ಹೋಗಿ, ಇಂಥ ತಂದೆಯರು ಊರಿಗೊಬ್ಬರಿರಲಿ ಎಂದು ಎರಡು ಮಾತಾಡಿ ನಾಟಕ ಮುಗಿಸಿದರು. ಮುಂದೆ ಕೋಲಾಟ.

ನಾನು ಪರದೆಯ ಸಂದಿಯಿಂದ ನೋಡಿದೆ. ಜಿನ್ನಪ್ಪ ಕಾಕಾ ಎದ್ದು ಬಂದರು. ಮಗಳಿಗೆ “ನಡಿ” ಅಂದರು. ಬಣ್ಣ ಅಳಿಸದೆಯೇ ಅವಳು ಹಿಂದೆ ಹೊರಟಳು. ಮೈದಾನದ ಆಚೆ ರಸ್ತೆಯಲ್ಲಿ ಹೋಗುವ ಟ್ರಾಲಿಯ ಬೆಳಕು ಒಂದು ಸಲ ಅವರ ಮೇಲೆ ಬಿತ್ತು. ಮುಂದೆ ಅಪ್ಪ, ಹತ್ತು ಮಾರು ಹಿಂದೆ ಮಗಳು. ಅಷ್ಟೇ.

ಆಮೇಲೆ ಪರೀಕ್ಷೆಯ ರಜೆ, ಪರೀಕ್ಷೆ. ಜೂನಿನಲ್ಲಿ ನನ್ನನ್ನು ಸಂಕೇಶ್ವರದ ಸೋದರಮಾವನ ಮನೆಗೆ ಕಳಿಸಿದರು. ಅವಳಿಗೆ ಏನಾಯಿತು? ಮನೆಯಲ್ಲಿ ಬೈದರಾ, ಹೊಡೆದರಾ? ಯಾರನ್ನು ಕೇಳುವುದು? ಏನಂತ ಕೇಳುವುದು? ಅಲ್ಲಿ ಹಿರಣ್ಯಕೇಶಿ ಹೊಳೆಯ ದಂಡೆಯಲ್ಲಿ ಪುಸ್ತಕ ಹಿಡಿದು ಕೂತಾಗ ಹೈವೇ ಮೇಲೆ ಗೋಕಾಕದ ಬೋರ್ಡ್ ಹಾಕಿದ ಬಸ್ಸು ಹೋದರೆ ಸಾಕು, ಪುಟ ಅಲ್ಲೇ ನಿಲ್ಲುತ್ತಿತ್ತು. ಒಂದೊಂದು ದಿನ ಅವಳನ್ನು ಕಿಟಕಿಯ ಪಕ್ಕ ಕೂರಿಸುತ್ತಿದ್ದೆ. ಒಂದೊಂದು ದಿನ ಬಸ್ಸು ಖಾಲಿ ಹೋಗುತ್ತಿತ್ತು.

ಮೂವತ್ತು ವರ್ಷದ ಮೇಲೆ ಆ ಪ್ರಶ್ನೆಯನ್ನು ಹುಕ್ಕೇರಿಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಕೇಳಿದೆ. (ನಡುವಿನ ಕುರ್ಚಿಯಲ್ಲಿ ಹೆಂಡತಿ. ಕಥೆ ಕೇಳಿ ಅವಳು ಹೋಳಿಗೆ ಮರೆತಿದ್ದಳು.)

“ಮುಂದ ಏನಾತ್ರಿ? ಕಾಲೇಜಿಗೆ ಹೋದ್ರಿ?”

“ಹೋದ್ನಿರಿ.” ಪದ್ಮಜಾ ನಕ್ಕರು. “ಎಷ್ಟೋ ದಿನಾ ಅಪ್ಪ ನನ್ನ ಕೂಡ ಮಾತಾಡಲಿಲ್ಲ. ರಿಸಲ್ಟ್ ಬಂತು. ಒಂದಿನ ಮುಂಜಾನೆ, ‘ತಯಾರಾಗು’ ಅಂದ. ಗೋಕಾಕ ಬಸ್ಸ ಹತ್ತಿಸಿದ, ತಾನೂ ಹತ್ತಿದ. ದಾರ್ಯಾಗ ಕೇಳಿದ, ‘ಮಂದಿ ಮುಂದ ಯಾಕ ಕೇಳಿದಿ? ಮನ್ಯಾಗ ಕೇಳಾಕ ಬರತಿದ್ದಿಲ್ಲೇನು?’ ನಾ ಅಂದ್ನಿ, ‘ಮನ್ಯಾಗ ಕೇಳಿದ್ರ ನೀ ಒಲ್ಲೆ ಅಂತಿದ್ದಿ.’ ‘ಹೌದು, ಅಂತಿದ್ನಿ,’ ಅಂದ. ಆಮ್ಯಾಲೆ ನಿಮ್ಮನ್ನ ಬೈದನ್ರಿ!”

“ನನ್ನ?”

“‘ಆ ಹುಡುಗಗೇನು, ಹ್ಞೂ ಅಂದ. ಚಪ್ಪಾಳಿ ಅಂವಗ, ಚಿಂತಿ ನನಗ. ಮುಂದ ಏನರ ಬೇಕಾದ್ರ ಮನ್ಯಾಗ ಕೇಳು,’ ಅಂದ.”

ಆ ಕಾಲೇಜಿನ ಬಗ್ಗೆ ಮಾತಾಡುವಾಗ ಅವರ ದನಿ ಸಣ್ಣ ಹುಡುಗಿಯದಾಯಿತು. ಬೆಳಗಿನ ಬಸ್ಸಿನ ಕಿಟಕಿ. ಘಟಪ್ರಭೆಯ ಸೇತುವೆ ಬಂದಾಗ ಮುಖಕ್ಕೆ ಬೀಳುವ ತಣ್ಣನೆ ಗಾಳಿ. ಗೋಕಾಕದ ಕರದಂಟಿನ ಅಂಗಡಿಯಲ್ಲಿ ತುಪ್ಪದಲ್ಲಿ ಅಂಟು ಅರಳುವ ವಾಸನೆ. ಮಳೆಗಾಲದಲ್ಲಿ ಒಂದೇ ಒಂದು ದಿನ ಕ್ಲಾಸು ತಪ್ಪಿಸಿ ಗೆಳತಿಯರ ಜೊತೆ ಫಾಲ್ಸ್, ಅಲ್ಲಿಯ ತೂಗುಸೇತುವೆ ನೋಡಲು ಹೋಗಿದ್ದು. “ಹಗ್ಗದ ಪೂಲಿನ ಮ್ಯಾಲೆ ನಿಂತ್ನಿರಿ. ಕೆಳಗ ಕೆಂಪ ನೀರು. ಮೈಯೆಲ್ಲಾ ತುಂತುರು. ನಾ ಯಾರ ಮಗಳೂ ಅಲ್ಲ, ಯಾರೂ ಅಲ್ಲ, ಬರೇ ನಾನ ಅದೇನಿ ಅನಿಸ್ತು.”

“ಎಷ್ಟ ವರ್ಷಾ ಓದಿದ್ರಿ?” ಹೆಂಡತಿ ಕೇಳಿದಳು.

“ಒಂದ ವರ್ಷರಿ. ಆಮ್ಯಾಲೆ ಹುಕ್ಕೇರಿ ಮನಿತನಾ ಬಂತು, ಲಗ್ನಾ ಆತು.” ಸೆರಗು ಸರಿ ಮಾಡಿಕೊಂಡು ಎದ್ದರು. “ಬರ್ರಿ, ಅಪ್ಪ ಇಲ್ಲೇ ಅದಾನ. ಭೆಟ್ಟಿ ಮಾಡಸ್ತೇನಿ.”

ಜಿನ್ನಪ್ಪ ಕಾಕಾ ಪೆಂಡಾಲಿನ ಮೂಲೆಯಲ್ಲಿ ಕೂತಿದ್ದರು. ತುಂಬ ವಯಸ್ಸಾಗಿದೆ. ಬಿಳಿ ಟೊಪ್ಪಿಗೆ ಹಾಗೇ ಇದೆ. ಪದ್ಮಜಾ ಕಿವಿಯ ಹತ್ತಿರ ಬಾಗಿ, “ಅಪ್ಪಾ, ನಾಟಕದಾಗ ಹ್ಞೂ ಅಂದಿದ್ರಲಾ, ಅವರು,” ಎಂದರು.

ಮುದುಕ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. ನಮಸ್ಕರಿಸಲು ಬಾಗಿದೆ. ಅವರು ನನ್ನ ಕೈ ಹಿಡಿದುಕೊಂಡರು. ಬಿಡಲಿಲ್ಲ.

“ನೀನ ಏನಪಾ ಅಂವಾ? ನಿನಗೇನರ ಅನಬೇಕಂತ ಭಾಳ ವರ್ಷಾತು.”

ಬೈಯುತ್ತಾರೆ ಅಂದುಕೊಂಡೆ. ಬೈಯಲಿ ಅಂತಲೇ ನಿಂತೆ.

“ಮರು ವರ್ಷ ಈಕಿ ಮತ್ತ ಕೇಳಿದ್ಲು. ಲಗ್ನಾ ಈಗ ಬ್ಯಾಡಪಾ, ಇನ್ನೊಂದ ವರ್ಷ ಓದತೇನಿ ಅಂದ್ಲು. ಮಂದಿ ಮುಂದ ಅಲ್ಲ. ನಾ ಹೇಳಿದಂಗ ಮನ್ಯಾಗ ಕೇಳಿದ್ಲು. ಅಡಗಿ ಮನ್ಯಾಗ, ನನಗ ಊಟಾ ನೀಡಿಕೋತ, ಸಣ್ಣಕ ಕೇಳಿದ್ಲು.” ನನ್ನ ಕೈಯನ್ನು ಇನ್ನಷ್ಟು ಬಿಗಿ ಹಿಡಿದರು. “ಆವತ್ತ ನೀ ಇರಲಿಲ್ಲಲ್ಲೋ. ನಾ ಒಬ್ಬನ ಇದ್ನಿ. ಇಲ್ಲ ಅಂದಬಿಟ್ನಿ.”

ಪದ್ಮಜಾ ಅಪ್ಪನ ಹೆಗಲಿನ ಶಾಲು ಸರಿ ಮಾಡಿದರು. ಅಪ್ಪನನ್ನು ಅದು ಇಷ್ಟು ವರ್ಷ ಕಾಡಿದ್ದು ಮಗಳಿಗೂ ಹೊಸ ಮಾತೇ ಇರಬೇಕು. ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಹಾಕಿಕೊಂಡರು. “ಆತ ಬಿಡಪಾ. ಬಾ, ಹೊತ್ತ ಮುಳುಗಾಕ ಬಂತು, ಊಟಾ ಮಾಡು,” ಎಂದು ಅವರ ತೋಳು ಹಿಡಿದು ಎಬ್ಬಿಸಿದರು. ತಂದೆ-ಮಗಳು ಪಂಕ್ತಿಯ ಕಡೆ ನಡೆದರು. ಈ ಸಲ ಪಕ್ಕಪಕ್ಕದಲ್ಲಿ, ಮೆಲ್ಲಗೆ.

ಹಿಂತಿರುಗುವಾಗ ಕಾರಿನ ಕಿಟಕಿ ಇಳಿಸಿದೆ. ರಸ್ತೆಯ ಬದಿಯ ಕಬ್ಬಿನ ಮೇಲೆ ಕಡೆಯ ಬಿಸಿಲು ಮಲಗಿತ್ತು. ಮೈಕಿನಲ್ಲಿ ಕೇಳಿದ್ದು ಇಡೀ ಮೈದಾನಕ್ಕೆ ಕೇಳಿಸಿತ್ತು. ಅಡುಗೆ ಮನೆಯಲ್ಲಿ ಕೇಳಿದ್ದು ಒಬ್ಬನಿಗೇ ಕೇಳಿಸಿತ್ತು. ಆ ಒಬ್ಬ ಅದನ್ನು ಇಂದಿನವರೆಗೂ ಕೇಳಿಸಿಕೊಳ್ಳುತ್ತಲೇ ಇದ್ದಾನೆ.

ನಿಮ್ಮ ಮನೆಯಲ್ಲಿ ಯಾರಾದರೂ ಏನನ್ನಾದರೂ ಸಣ್ಣ ದನಿಯಲ್ಲಿ ಕೇಳುತ್ತಿದ್ದಾರಾ?