ಆಸ್ಟಿನ್ ಕಾರಿನ ಆಯಿಲ್ ಪೈಪ್ ಒಡೆದದ್ದು

ನಮ್ಮ ಕಡೆ ಈಗ ಯಾರೂ ಜಾತಿ ಕೇಳುವುದಿಲ್ಲ, ಯಾವ ಬೀದಿ ಅಂತ ಕೇಳುತ್ತಾರೆ. ಇದೇನು ನಿಮಗೆ ಗೊತ್ತಿಲ್ಲದ ವಿಷಯವಲ್ಲ. ಬಾಡಿಗೆಗೆ ಮನೆ ನೋಡಲು ಬಂದವರನ್ನು ನೀವೇ ಕೇಳಿದ್ದೀರಿ. ನೀವು ಕೇಳದಿದ್ದರೆ, ಇನ್ನೊಬ್ಬರು ಕೇಳುವಾಗ ಪಕ್ಕದಲ್ಲಿ ನಿಂತು ನಿಮ್ಮ ಚಪ್ಪಲಿ ನೋಡಿಕೊಂಡಿದ್ದೀರಿ.

ತರೀಕೆರೆಯ ಗುರುಮೂರ್ತಿ ಚಪ್ಪಲಿ ನೋಡಿಕೊಳ್ಳುವವರ ಪೈಕಿ.

ಅವನನ್ನು ಕೆಟ್ಟವನು ಅಂತ ಊರಲ್ಲಿ ಯಾರೂ ಹೇಳುವುದಿಲ್ಲ. ಬಿ.ಎಚ್. ರಸ್ತೆಯಲ್ಲಿ ತಗಡಿನ ಗ್ಯಾರೇಜು, ಅರವತ್ತರ ಹತ್ತಿರದ ವಯಸ್ಸು, ಎಷ್ಟು ತಿಕ್ಕಿದರೂ ಉಗುರಿನಿಂದ ಬಿಡದ ಗ್ರೀಸು. ಹಳೇ ಸಾಮಾನು ಹಾಕಿ ಹೊಸದೆಂದು ಹೇಳಿದವನಲ್ಲ. ಬದುಕಿನಲ್ಲಿ ಅವನು ಎದೆಯುಬ್ಬಿಸಿ ತೋರಿಸುವಂಥದು ಒಂದೇ ಒಂದು ಇತ್ತು. ಅದು ಐವತ್ತರ ದಶಕದ ಒಂದು ಕಪ್ಪು ಆಸ್ಟಿನ್ ಕಾರು. ಅದೂ ಅವನದಲ್ಲ, ಅಕ್ಕಿ ಗಿರಣಿಯ ಮಲ್ಲಿಕಾರ್ಜುನಪ್ಪನದು. ಮಲ್ಲಿಕಾರ್ಜುನಪ್ಪನ ತಂದೆ ಕೊಂಡ ಕಾರು ಗಿರಣಿಯ ಹಿಂದಿನ ಶೆಡ್ಡಿನಲ್ಲಿ ತೌಡಿನ ಮೂಟೆಗಳ ಮಧ್ಯೆ ಬಿದ್ದು, ಕೋಳಿಗಳು ಮೊಟ್ಟೆ ಇಡುವ ಜಾಗವಾಗಿತ್ತು. ಗುರುಮೂರ್ತಿ ಅದನ್ನು ಎಳೆದು ತಂದ, ಒಂದೊಂದೇ ನಟ್ಟು ಬಿಚ್ಚಿ ತೊಳೆದ, ಸಿಗದ ಸಾಮಾನನ್ನು ತಾನೇ ಅರದಿಂದ ಉಜ್ಜಿ ಮಾಡಿ ಕೂರಿಸಿದ. ಈಗ ಅದು ಮದುವೆ ಕಾರು. ಕಡೂರಿನಿಂದ ಲಕ್ಕವಳ್ಳಿಯವರೆಗೆ ಯಾರ ಮದುವೆಗೆ ಹೋದರೂ ಸ್ಟೀರಿಂಗ್ ಹಿಡಿಯುವವನು ಗುರುಮೂರ್ತಿಯೇ, ಏಕೆಂದರೆ ಅದರ ಗೇರು ಬೇರೆಯವರ ಕೈಗೆ ಬಗ್ಗುವುದಿಲ್ಲ. ಬಿಳಿ ಶರಟು ಹಾಕಿಕೊಂಡು, ಹಿಂದೆ ಮದುಮಕ್ಕಳನ್ನು ಕೂರಿಸಿಕೊಂಡು ಹೋಗುವಾಗ, ಅವನು ಗಿರಣಿಗೆ ಹಿತ್ತಲ ಬಾಗಿಲಿನಿಂದ ಹೋಗುವ ಮನುಷ್ಯ ಅನ್ನುವುದು ಅವನಿಗೇ ಮರೆತುಹೋಗುತ್ತಿತ್ತು.

ಅಂಥ ಗುರುಮೂರ್ತಿಯ ಗ್ಯಾರೇಜಿಗೆ ಕಳೆದ ಬೇಸಿಗೆಯಲ್ಲಿ ಕೆಂಪರಾಜು ಬಂದ. ಹರೆಯದಲ್ಲಿ ಇಬ್ಬರೂ ಕಡೂರಿನ ಒಂದೇ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿಯಲು ಕಲಿತವರು. ಕೆಂಪರಾಜುವಿನ ತಾಯಿ ಕಟ್ಟಿಕೊಡುತ್ತಿದ್ದ ಮುದ್ದೆ, ಹುರುಳಿ ಸಾರನ್ನು ಇಬ್ಬರೂ ಹಂಚಿಕೊಂಡು ಉಂಡವರು. ಆ ಊಟದ ರುಚಿಯನ್ನು ಗುರುಮೂರ್ತಿ ಇವತ್ತಿಗೂ ಮರೆತಿಲ್ಲ, ತನ್ನ ಮನೆಯಲ್ಲಿ ಇವತ್ತಿಗೂ ಹೇಳಿಲ್ಲ. ಮುಂದೆ ಕೆಂಪರಾಜು ಬಸ್ ಡಿಪೊದಲ್ಲಿ ಮೆಕ್ಯಾನಿಕ್ ಆದ, ಅಜ್ಜಂಪುರದಲ್ಲಿ ಮನೆ ಕಟ್ಟಿದ, ಬುದ್ಧನ ದಾರಿ ಹಿಡಿದ, ಮಗಳಿಗೆ ಪ್ರಜ್ಞಾ ಎಂದು ಹೆಸರಿಟ್ಟ. ಈಗ ಅವಳಿಗೆ ಮದುವೆ. ಎಲೆ ಅಡಿಕೆ ಕೊಟ್ಟು ಕರೆಯಲು ತಾನೇ ಬಂದಿದ್ದ.

“ಲೇ ಗುರು, ನಿನ್ ಕರೀ ಕಾರು ಬೇಕು ಕಣೋ. ಮಗಳು ಹಟ ಹಿಡಿದವ್ಳೆ.”

“ಕಾರೊಂದೇ ಬೇಕೋ, ನಾನೂ ಬೇಕೋ?”

“ನೀನ್ ಯಾವ್ ಚಂದಕ್ಕೆ? ಕಾರ್ ತಾನಾಗೇ ಬರಲ್ವಲ್ಲ, ಅದುಕ್ಕೆ ನೀನೂ ಬಾ.”

ಇಬ್ಬರೂ ನಕ್ಕರು. “ನಿನ್ ಮಗಳನ್ನ ಮದುವೆ ಭವನದ್ ತಂಕ ನಾನೇ ಕರ್ಕೊಂಡ್ ಬತ್ತೀನಿ, ಹೋಗು” ಎಂದು ಗುರುಮೂರ್ತಿ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡ.

ಮದುವೆಗೆ ಇನ್ನೇನು ಒಂದೆರಡು ದಿನ ಇದೆ ಎನ್ನುವಾಗ ಮಲ್ಲಿಕಾರ್ಜುನಪ್ಪನಿಗೆ ಹೇಳಿದ. ಅದು ಹೇಳಬೇಕಲ್ಲ ಅಂತ ಹೇಳಿದ್ದು. ಕಾರು ಬಾಡಿಗೆಗೆ ಹೋಗುವುದು ಹೊಸದೇನಲ್ಲ.

“ಯಾವ್ ಊರು?”

“ಅಜ್ಜಂಪುರ, ಸಾವ್ಕಾರ್ರೇ.”

“ಅಜ್ಜಂಪುರದಲ್ಲಿ ಯಾವ್ ಬೀದಿ?”

ಗುರುಮೂರ್ತಿ ಬೀದಿ ಹೇಳಿದ. ಮಲ್ಲಿಕಾರ್ಜುನಪ್ಪ ಸಿಟ್ಟಾಗಲಿಲ್ಲ, ಬೈಯಲಿಲ್ಲ. ಟವೆಲ್ಲಿನಿಂದ ಕತ್ತು ಒರೆಸಿಕೊಂಡ.

“ನಂಗೇನ್ ಭೇದ ಇಲ್ಲ ಕಣೋ ಗುರು. ನಮ್ ಗಿರಣೀಲಿ ಮೂಟೆ ಹೊರೋರೆಲ್ಲ ಯಾರು? ಆದ್ರೆ ನಾಳೆ ನಮ್ಮೋರು ಆ ಸೀಟಲ್ಲಿ ಹೆಣ್ಣು ಗಂಡು ಕೂರ್ಸಲ್ಲ ಅಂದ್ರೆ ಏನ್ ಮಾಡ್ಲಿ? ಕೊಡಲ್ಲ ಅಂತ ಮಾತ್ರ ಹೇಳ್ಬೇಡ. ಕೇಸು ಗೀಸು ಅಂತ ಓಡಾಡ್ತಾರೆ. ಕೆಟ್ಟೋಗೈತೆ ಅನ್ನು.”

“ಏನ್ ಕೆಟ್ಟೈತೆ ಅನ್ಲಿ?”

“ಅದ್ ನಿನ್ ಕಸುಬಪ್ಪ. ನನ್ನ್ ಕೇಳ್ತೀಯಲ್ಲ.”

ಹೀಗೆ ಸುಳ್ಳಿನ ಯಜಮಾನಿಕೆ ಒಬ್ಬನದು, ಕೂಲಿ ಇನ್ನೊಬ್ಬನದು. ಗುರುಮೂರ್ತಿ ಮನೆಗೆ ಹೋಗುವ ದಾರಿಯುದ್ದಕ್ಕೂ ಸುಳ್ಳು ಹುಡುಕಿದ. ಟೈರು ಅಂದರೆ ಯಾರೂ ನಂಬುವುದಿಲ್ಲ. ಎಂಜಿನ್ ಅನ್ನಲು ಮನಸ್ಸು ಬರಲಿಲ್ಲ, ಅದು ತಾನು ಕಟ್ಟಿದ ಎಂಜಿನ್. ಕೊನೆಗೆ ಆಯಿಲ್ ಗೇಜಿನ ಪೈಪು ಹೊಳೆಯಿತು. ಗೇಜು ಎಂದರೆ ಎಂಜಿನ್ನಿಗೆ ಬಿ.ಪಿ. ನೋಡುವ ಮುಳ್ಳು, ಡ್ರೈವರನ ಎದುರಿಗೇ ಇರುತ್ತದೆ. ಅದಕ್ಕೆ ಎಂಜಿನ್ನಿನಿಂದ ಕಡ್ಡಿಯಂಥ ಸಣ್ಣ ತಾಮ್ರದ ಪೈಪಿನಲ್ಲಿ ಎಣ್ಣೆ ಬರುತ್ತದೆ. ಪೈಪು ಒಡೆದರೆ ಕುದಿಯುವ ಎಣ್ಣೆ ಡ್ರೈವರನ ಕಾಲ ಮೇಲೆ. ಗಮನಿಸದೆ ಓಡಿಸಿದರೆ ಎಣ್ಣೆ ಖಾಲಿಯಾಗಿ ಎಂಜಿನ್ನೇ ಹಿಡಿದುಕೊಂಡು ನಿಂತುಬಿಡುತ್ತದೆ. ಹಳೇ ಕಾರು, ಸಾಮಾನು ಸಿಗುವುದಿಲ್ಲ. ಸುಳ್ಳು ಹೇಳಿಮಾಡಿಸಿದ ಹಾಗಿತ್ತು.

ಫೋನಿನಲ್ಲಿ ಹೇಳಿದ. ಆ ಕಡೆ ಕೆಂಪರಾಜು ಜೋರಾಗಿ ನಕ್ಕ.

“ಅಷ್ಟೇನಾ? ನನ್ ಎದೆ ಧಸಕ್ ಅನ್ನಿಸ್ಬಿಟ್ಟೆಯಲ್ಲೋ! ಡಿಪೊದಲ್ಲಿ ಎಷ್ಟ್ ಬಗ್ಸಿದೀನಿ ಅಂಥವು. ಬೆಳಿಗ್ಗೆ ಬಸ್ಸಿಗೆ ಬತ್ತೀನಿ, ತಾಮ್ರದ ಪೈಪ್ ನಾನೇ ತತ್ತೀನಿ.”

“ಮದುವೆ ಮನೆ ಕಣೋ, ನೀನ್ಯಾಕೆ…”

“ಮಗಳ ಕೆಲ್ಸ ತಾನೇ ಇದೂ?”

ಬೆಳಿಗ್ಗೆ ಗುರುಮೂರ್ತಿ ಬೇಗ ಗ್ಯಾರೇಜಿಗೆ ಬಂದು ಬಾನೆಟ್ ಎತ್ತಿದ. ಪೈಪು ಗಟ್ಟಿಮುಟ್ಟಾಗಿತ್ತು. ಫೋನ್ ಮಾಡಿ ನಿಜ ಹೇಳಿಬಿಡಬಹುದಿತ್ತು, ಅಜ್ಜಂಪುರದ ಬಸ್ಸು ಇನ್ನೂ ದಾರಿಯಲ್ಲೇ ಇತ್ತು. ಅವನು ಫೋನು ತೆಗೆಯಲಿಲ್ಲ, ಕಟಿಂಗ್ ಪ್ಲೇಯರ್ ತೆಗೆದ. ತಾನೇ ಬಗ್ಗಿಸಿ, ತಾನೇ ಕೂರಿಸಿದ ಪೈಪನ್ನು ನಟ್ಟನಡುವೆ ಹಿಡಿದು ಅಮುಕಿದ. ಕಟ್ಟಾದ ತುದಿಯಿಂದ ಎಣ್ಣೆ ಸಣ್ಣಗೆ ತೊಟ್ಟಿಕ್ಕಿತು. ಬಸ್ ಬರುವ ಹೊತ್ತಿಗೆ ಕೈ ಒರೆಸಿಕೊಂಡು ನಿಂತಿದ್ದ.

ಕೆಂಪರಾಜು ಬಂದ. ಹೆಗಲಿಗೆ ಹಾರದ ಹಾಗೆ ತಾಮ್ರದ ಪೈಪಿನ ಸುರುಳಿ. ನಾಳೆ ಮದುವೆಗೆ ನಿಲ್ಲಬೇಕಾದ ಹೆಣ್ಣಿನ ತಂದೆ, ಗಡ್ಡ ಕೂಡ ಮಾಡಿಸಿರಲಿಲ್ಲ. ಗುರುಮೂರ್ತಿ ಹೋಟೆಲಿನಿಂದ ಟೀ ತರಿಸಿದ, ಪೇಪರ್ ಲೋಟದಲ್ಲಿ. ಪೇಪರ್ ಲೋಟ ಬಂದ ಮೇಲೆ ನಮ್ಮ ಎಷ್ಟೋ ಜನರ ಮರ್ಯಾದೆ ಉಳಿದಿದೆ. ಯಾರಿಗೆ ಯಾವ ಲೋಟ ಅಂತ ಈಗ ಯೋಚಿಸಬೇಕಾಗಿಲ್ಲ, ಎಲ್ಲವನ್ನೂ ಬಿಸಾಡಬಹುದು.

ಕೆಂಪರಾಜು ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿ ಗೇಜಿನ ಹಿಂದಿನ ನಟ್ಟು ಬಿಚ್ಚಿದ. ಎಂಜಿನ್ ಕಡೆಯದನ್ನೂ ಬಿಚ್ಚಿದ. ಹಳೇ ಪೈಪಿನ ಎರಡು ತುಂಡು ಕೈಗೆ ಬಂದವು. ಬೆಳಕಿಗೆ ಹಿಡಿದು ನೋಡಿದ. ಈ ಪೈಪು ತಾನಾಗಿ ಬಿರಿದರೆ ನಟ್ಟಿನ ಬುಡದಲ್ಲಿ ಬಿರಿಯುತ್ತದೆ, ಅದುರಿ ಅದುರಿ. ಇದು ನಡುವೆ ತುಂಡಾಗಿತ್ತು. ತುದಿ ಚಪ್ಪಟೆಯಾಗಿ, ಹೊಸ ಕಾಸಿನಂತೆ ಹೊಳೆಯುತ್ತಿತ್ತು. ಗುರುಮೂರ್ತಿ ಬೇಕೆಂದೇ ಹಿಂದೆ ತಿರುಗಿ ಸ್ಪ್ಯಾನರ್ ಹುಡುಕತೊಡಗಿದ. ಅವನ ಕೈಯಲ್ಲೇ ಸ್ಪ್ಯಾನರ್ ಇತ್ತು.

ಕೆಂಪರಾಜು ತುಂಡುಗಳನ್ನು ನೆಲದ ಮೇಲಿಟ್ಟು ಅಳತೆ ತೆಗೆದ. ಹೊಸ ಪೈಪನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿ ಮೆತ್ತಗೆ ಮಾಡಿದ. ಅದುರಿದರೂ ಬಿರಿಯದಿರಲೆಂದು ಎಂಜಿನ್ ಬಳಿ ಬಳೆಯ ಹಾಗೆ ಸುತ್ತಿದ. ಎಂಜಿನ್ನಿಗೂ ಡ್ರೈವರನಿಗೂ ನಡುವಿನ ತಗಡಿನ ತೂತಿನಲ್ಲಿ ರಬ್ಬರ್ ಕೂರಿಸಿ ಒಳಗೆ ತೂರಿಸಿದ. ಬೈದಿದ್ದರೆ ಗುರುಮೂರ್ತಿಗೆ ಎಷ್ಟೋ ಹಗುರವಾಗುತ್ತಿತ್ತು.

“ಸ್ಟಾರ್ಟ್ ಮಾಡು.”

ಗುರುಮೂರ್ತಿ ಸ್ಟಾರ್ಟ್ ಮಾಡಿದ. ಗೇಜಿನ ಕಡೆಯ ನಟ್ಟನ್ನು ಸ್ವಲ್ಪ ಸಡಿಲ ಬಿಟ್ಟು, ಗಾಳಿ ಹೋಗಿ ಎಣ್ಣೆ ಜಿನುಗಿದ ಕೂಡಲೆ ಕೆಂಪರಾಜು ಬಿಗಿ ಮಾಡಿದ. ಮುಳ್ಳು ಎದ್ದು ನಿಂತಿತು.

“ಗುರು, ಇನ್ನೇನಾದ್ರೂ ಕೆಟ್ಟೈತಾ? ಇದ್ರೆ ಈಗ್ಲೇ ಹೇಳ್ಬಿಡು. ಅದನ್ನೂ ಮಾಡೇ ಹೋಗ್ತೀನಿ.”

ಎಂಜಿನ್ ಸದ್ದು ಕೇಳಿ ಮಲ್ಲಿಕಾರ್ಜುನಪ್ಪನ ಸ್ಕೂಟರ್ ಬಾಗಿಲಲ್ಲಿ ನಿಂತದ್ದು ಆಗಲೇ.

“ಏನ್ ಗುರು, ರಿಪೇರಿ ಆಯ್ತಾ?”

“ಆಯ್ತು, ಸಾವ್ಕಾರ್ರೇ,” ಅಂದವನು ಕೆಂಪರಾಜು. “ನಾಳೆ ನನ್ ಮಗಳ ಮದುವೆ. ಕಾರು ರೆಡಿ ಐತೆ.”

ಮಲ್ಲಿಕಾರ್ಜುನಪ್ಪ ಬಹಳ ಒಳ್ಳೆಯ ನಗೆ ನಕ್ಕ. “ಅಯ್ಯೋ, ಸಂತೋಷ ಕಣಪ್ಪ. ಆದ್ರೆ ಹಳೇ ಗಾಡಿ, ರಿಪೇರಿ ಆದ್ಮೇಲೆ ನಾಕ್ ದಿನ ಓಡ್ಸಿ ನೋಡ್ದೆ ಹೊರಗೆ ಕಳ್ಸಬಾರ್ದು. ಅಲ್ವೇನೋ ಗುರು?”

ಇಬ್ಬರೂ ಗುರುಮೂರ್ತಿಯ ಮುಖ ನೋಡಿದರು. ಬದುಕಿಡೀ ಎಂಜಿನ್ನಿನ ಸದ್ದು ಕೇಳಿ ರೋಗ ಹೇಳಿದ ಮನುಷ್ಯ. ಕಾರು ಸರಿಯಾಗಿದೆ ಅನ್ನುವ ಒಂದು ಮಾತು ಸಾಕಿತ್ತು.

“ಹೂಂ… ಓಡ್ಸಿ ನೋಡ್ಬೇಕು,” ಅಂದ.

ಸ್ಕೂಟರ್ ಹೋಯಿತು. ಕೆಂಪರಾಜು ಉಳಿದ ತಾಮ್ರವನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡ. ಕೈ ತೊಳೆದು ಹೊರಟವನು ಬಾಗಿಲಲ್ಲಿ ನಿಂತ.

“ಮಗಳಿಗೆ ನಿಜ ಹೇಳಕ್ಕಾಗಲ್ಲ ಕಣೋ. ಮದುವೆ ದಿನ ಅಳ್ತಾ ಕೂತ್ಕೊಳೋದ್ ಬ್ಯಾಡ. ಪೈಪ್ ಒಡೆದಿತ್ತು, ನನ್ ಕೈಲಿ ಹಾಕಕ್ಕಾಗ್ಲಿಲ್ಲ, ವಯಸ್ಸಾಯ್ತು ಅಂತ ಹೇಳ್ತೀನಿ. ನೀನ್ ಮಾತ್ರ ಊಟಕ್ಕೆ ಬಾ.”

ಮಾರನೆಯ ದಿನ ಗುರುಮೂರ್ತಿಯ ಹೆಂಡತಿ ಕರಿಬಸಮ್ಮ ಉಡುಗೊರೆಯ ಸೀರೆ ಚೀಲಕ್ಕೆ ಹಾಕಿಕೊಂಡು ಸಿದ್ಧಳಾದಳು. ಕಾರು ಕೆಟ್ಟಿದೆ, ಹೇಗೆ ಹೋಗುವುದು ಎಂದ ಗಂಡ.

“ಬಸ್ಸಿಗೇನ್ ಬಂದೈತೆ ರೋಗ?” ಎಂದು ಅವಳೊಬ್ಬಳೇ ಹೊರಟಳು.

ಸಂಜೆ ಬಂದು, ಕಾಲು ತೊಳೆಯುತ್ತ ಮದುವೆ ಸುದ್ದಿ ಹೇಳಿದಳು. ಊಟ ಚೆನ್ನಾಗಿತ್ತು. ಹುಡುಗಿ ಲಕ್ಷಣವಾಗಿದ್ದಳು, ಯಾರದೋ ವ್ಯಾನಿನಲ್ಲಿ ಬಂದಿಳಿದಳು. “ಆದ್ರೆ ಗಂಡಿನ ಕಡೆ ಹುಡುಗ್ರು ನಿಮ್ ಸ್ನೇಹಿತ್ರನ್ನ ಬಾಳ ಆಡ್ಕೊಂಡ್ರು ಕಣ್ರೀ. ಡಿಪೊ ಮೆಕ್ಯಾನಿಕ್ ಮಾವ, ಒಂದ್ ಪೈಪ್ ಹಾಕಕ್ ಬರ್ಲಿಲ್ಲ ಅಂತ. ಅವ್ರೂ ಜೊತೆಗೆ ನಗ್ತಾ ಇದ್ರು. ಆ ಮಗು ನನ್ ಕೈ ಹಿಡ್ಕೊಂಡು, ಆಂಟಿ, ಅಪ್ಪಂಗೆ ಕೈ ನಡುಗ್ತೈತಂತೆ, ಡಾಕ್ಟರಿಗೆ ತೋರಿಸ್ಬೇಕು ಅಂತು. ಪಾಪ, ಅಷ್ಟ್ ವಯಸ್ಸಾಗೈತಾ ಅವ್ರಿಗೆ?”

ಗುರುಮೂರ್ತಿ ಎದ್ದು ಹಿತ್ತಲಿಗೆ ಹೋದ.

ಮುಂದಿನ ವಾರ ಆಸ್ಟಿನ್ ಕಾರು ಹೂ ಮುಡಿದು ಬೀರೂರಿನ ಮದುವೆಗೆ ಹೋಯಿತು. ಆ ಪೈಪನ್ನು ಬಗ್ಗಿಸಿದ ಕೈ ಯಾವುದು ಅಂತ ಹಿಂದಿನ ಸೀಟಿನಲ್ಲಿ ಕೂತವರು ಕೇಳಲಿಲ್ಲ. ಗೇಜಿನ ಮುಳ್ಳು ಅಲುಗದೆ ನಿಂತಿತ್ತು. ಗುರುಮೂರ್ತಿ ಅದರ ಕಡೆ ಕಣ್ಣು ಹಾಯಿಸಲಾರದೆ ದಾರಿಯನ್ನೇ ನೋಡುತ್ತ ಓಡಿಸಿದ. ಅಜ್ಜಂಪುರದಲ್ಲಿ ಒಬ್ಬ ಮಗಳು ತನ್ನ ತಂದೆಯ ಕೈ ನಡುಗುತ್ತದೆ ಎಂದೇ ಇವತ್ತಿಗೂ ನಂಬಿದ್ದಾಳೆ. ಅವಳ ಮುಂದೆ ನಿಂತು, ನಿಮ್ಮಪ್ಪನ ಕೈಗೆ ಏನೂ ಆಗಿಲ್ಲ ಕಣಮ್ಮ, ಪೈಪು ಕತ್ತರಿಸಿದವನು ನಾನು ಅನ್ನಬೇಕು. ಹೋಗೋಣ ಹೋಗೋಣ ಅಂತ ಗುರುಮೂರ್ತಿ ಇನ್ನೂ ಹೋಗಿಲ್ಲ.

ಅವನನ್ನು ಉಗಿಯಲು ಬಾಯಿ ತೆಗೆದಿದ್ದೀರಲ್ಲ, ಮುಚ್ಚಿ. ಮನೆ ಖಾಲಿ ಇಲ್ಲ, ಕಾರು ಕೆಟ್ಟಿದೆ, ಭಟ್ಟರು ಊರಲ್ಲಿಲ್ಲ ಅಂತ ನೀವು ಯಾರನ್ನು ವಾಪಸ್ಸು ಕಳಿಸಿದ್ದೀರೋ, ಅವರ ಮನೆ ನಿಮಗೆ ಗೊತ್ತು. ಇವತ್ತೇ ಹೋಗಿ, ಅವರ ಮಕ್ಕಳ ಎದುರಿಗೆ ನಿಂತು, ನಾನು ಹೇಳಿದ್ದು ಸುಳ್ಳು ಅಂತ ಹೇಳಿ.