ಅತ್ತೆ ಕಳಿಸಿದ ಸೀತನಿ

ಇವತ್ತು ಬೀದರಿನ ರಸ್ತೆ ಬದಿಯಲ್ಲಿ ಯಾರೋ ಸೀತನಿಗೆಂದು ಎಳೆ ಜೋಳದ ತೆನೆ ಸುಡುತ್ತಿದ್ದರು. ಆ ಹೊಗೆ ಮೂಗಿಗೆ ಬಡಿದದ್ದೇ ತಡ, ಔರಾದಿನ ನಮ್ಮ ಸರ್ಕಾರಿ ಕ್ವಾರ್ಟರ್ಸಿನ ಬಾಗಿಲು ಕಣ್ಣೆದುರು ಬಂತು.

ಅಪ್ಪ ಅಲ್ಲಿ ತಹಶೀಲ್ದಾರರು. ಮನೆಗೆ ಏನೇ ಬಂದರೂ "ಯಾರು ಕೊಟ್ಟಾರ?" ಎನ್ನುವರು. ಸರಿಯಾದ ಉತ್ತರ ಸಿಗದಿದ್ದರೆ ಬಂದ ಬಸ್ಸಿಗೇ ಅದು ವಾಪಸು. ಊರಿಗೆ ಅದು ಹೆಮ್ಮೆ, ನಮಗೆ ಬರೀ ಕಿರಿಕಿರಿ. ಒಮ್ಮೆ ಬಸ್ಸಿನ ಕಂಡಕ್ಟರ್, ಕಳಿಸಿದವರ ಹೆಸರು ಹೇಳದೆ, ಸೀತನಿ ಗಂಟು ಇಟ್ಟುಹೋದ. ಅಪ್ಪ ಅದನ್ನೂ ತಿರುಗಿ ಕಳಿಸಿದರು. ಕೊಟ್ಟು ಕಳಿಸಿದ್ದು ಭಾಲ್ಕಿಯ ಅತ್ತೆ, ಅಪ್ಪನ ಸ್ವಂತ ಅಕ್ಕ.

ಮರುದಿನ ಅತ್ತೆ ಬಂದು ಹೊಸ್ತಿಲಾಚೆಯೇ ನಿಂತರು. "ನನ್ನ ಹೊಲದ ಸೀತನೀನೂ ಲಂಚ ಆಯ್ತೇನೋ ತಮ್ಮಾ?"

"ಯಾರದಂತ ನನಗ ಹ್ಯಾಂಗ ಗೊತ್ತಾಗಬೇಕಕ್ಕಾ?" ಎಂದರು ಅಪ್ಪ. ತಪ್ಪಾಯಿತು ಎನ್ನಲಿಲ್ಲ. ನೀರೂ ಮುಟ್ಟದೆ ಹೋದ ಅತ್ತೆ ಸಾಯುವವರೆಗೂ ನಮ್ಮ ಮನೆ ಮೆಟ್ಟಲಿಲ್ಲ.

ನಿವೃತ್ತರಾಗಿ ಹಣ್ಣಾದ ಅಪ್ಪನ ಅಂಗೈಗೆ ಇವತ್ತು ಆ ರಸ್ತೆ ಬದಿಯಿಂದ ಕೊಂಡು ತಂದ ಒಂದು ಹಿಡಿ ಸೀತನಿ ಹಾಕಿದೆ. ಹಳೆಯ ರೂಢಿ, ಕೇಳಿಯೇ ಬಿಟ್ಟರು: "ಯಾರು ಕೊಟ್ಟಾರ?"

"ಅತ್ತಿ ಕಳಿಸ್ಯಾರ್ರಿ," ಎಂದೆ.

ಅತ್ತೆ ಇಲ್ಲವೆಂದು ಅವರಿಗೆ ಗೊತ್ತು. ಆದರೂ ವಾಪಸು ಕೊಡಲಿಲ್ಲ. ತಿನ್ನಲೂ ಇಲ್ಲ, ಮುಷ್ಟಿ ಬಿಗಿಹಿಡಿದು ಕೂತೇ ಇದ್ದರು.