ಅಪ್ಪನ ಬಾಯಿಗೆ ನೀರು ಬಿಟ್ಟವರು

ವೈನಿ, ಅಪ್ಪನ ಬಾಯಿಗೆ ಕೊನೆಯ ನೀರು ಬಿಟ್ಟದ್ದು ಮಗಳಾದ ನಾನಲ್ಲ, ಅಣ್ಣನ ಹೆಂಡತಿಯಾದ ನೀವು. ಆ ಹೊತ್ತಿಗೆ ನಾನು ಖಾನಾಪುರದಲ್ಲೇ ಇರಲಿಲ್ಲ. ಆದರೂ ಇವತ್ತು ಅವ್ವನ ನೆನಪಿನಲ್ಲಿ ಆ ನೀರು ನನ್ನ ಕೈಯದು — ಅಲ್ಲಿಂದ ನಿಮ್ಮನ್ನು ಎಬ್ಬಿಸಿ ನಾನು ಕೂತೆ. ತಿಳಿಯದೆ ಅಲ್ಲ, ಪೂರಾ ತಿಳಿದೇ.

ಅಪ್ಪನ ಉಸಿರು ಸರಿಯಿಲ್ಲ, ಲಗೂನೆ ಬಾ ಎಂದು ಅಣ್ಣ ಫೋನು ಮಾಡಿದಾಗ ನಾನು ಬೆಳಗಾವಿಯಲ್ಲಿ, ಕಾಲೇಜಿನ ಪ್ರಯೋಗಾಲಯದಲ್ಲಿದ್ದೆ. ಮುಂದೆ ಇಲಿಯ ಮಿದುಳಿನ ತೆಳ್ಳನೆಯ ಸೀಳು — ಹಿಪೊಕ್ಯಾಂಪಸ್ ಎಂಬ, ನೆನಪು ಕಟ್ಟುವ ಭಾಗ. ದ್ರವದಲ್ಲಿಟ್ಟರೆ ಕೆಲವು ತಾಸು ಜೀವ ಹಿಡಿದಿರುತ್ತದೆ. ನರಕೋಶಗಳ ನಡುವಿನ ಸಂಧಿಗಳು ಗಟ್ಟಿಯಾದಂತೆ ಅಲ್ಲಿ ಏಳುವ ವಿದ್ಯುತ್ತಿನ ಸಣ್ಣ ಅಲೆಗಳು ಹೇಗೆ ಬದಲಾಗುತ್ತವೆ ಎಂದು ನೋಡುತ್ತಿದ್ದೆ. ಆವತ್ತೇ ಮೊದಲ ಸಲ ಅಲೆ ಚೆನ್ನಾಗಿ ಬಂದಿತ್ತು. ಎದ್ದುಹೋದರೆ ಇದು ಸಾಯುತ್ತದಲ್ಲ ಅಂದುಕೊಂಡೆ — ಇಲಿಯ ಮಿದುಳಿನ ಬಗ್ಗೆ, ವೈನಿ! ಇನ್ನೊಂದು ತಾಸು, ಖಾನಾಪುರವೇನು ದೂರವೇ… ನಾನು ಬಂದಾಗ ಮನೆಯ ಮುಂದೆ ಚಪ್ಪಲಿಗಳ ರಾಶಿ ಬಿದ್ದಿತ್ತು.

ಆಮೇಲೆ ಅವ್ವ ಕೆಲವು ತಿಂಗಳು ಬೆಳಗಾವಿಯ ರಾಮತೀರ್ಥ ನಗರದ ನನ್ನ ಮನೆಯಲ್ಲಿದ್ದಳು. ಅಪ್ಪನ ಕಾಲ ಬಳಿಯೇ ಮೂರ್ಛೆ ಹೋಗಿದ್ದಳಲ್ಲ, ಆ ದಿನ ಅವಳಿಗೆ ಮಸುಕು ಮಸುಕು. ಒಂದು ಮಧ್ಯಾಹ್ನ ಉಂಡು ಅಡ್ಡಾದವಳು ಕೇಳಿದಳು: "ಆವತ್ತ ನೀ ಇದ್ದೀ, ಹೌದಿಲ್ಲ?"

"ಇದ್ನೆವ್ವಾ. ನಾನಽ ನೀರ ಬಿಟ್ಟೆ."

ಒಂದು ಸಲವಾಗಿದ್ದರೆ ಬಾಯಿತಪ್ಪಿ ಬಂತು ಅನ್ನಬಹುದಿತ್ತು. ಮರುದಿನವೂ ಹೇಳಿದೆ, ಅದರ ಮರುದಿನವೂ — ಅವಳು ಮಲಗುವ ಹೊತ್ತು ನೋಡಿಯೇ. ನಾನು ಕಾಲೇಜಿನ ಮಕ್ಕಳಿಗೆ ಪಾಠ ಮಾಡುವುದೇ ಇದನ್ನು. ಎಬ್ಬಿಸಿದ ನೆನಪು ಮೆತ್ತಗಾಗುತ್ತದೆ, ಆಗ ಹೊಸದು ಅಂಟಿಕೊಳ್ಳುತ್ತದೆ. ಕೂಡಿ ಮಿಡಿದ ಕೋಶಗಳ ಸಂಧಿ ಬಲಿಯುತ್ತದೆ. ನಿದ್ದೆ ಹತ್ತಿದ ಮೇಲೆ ಅವೇ ಕೋಶಗಳು ಆ ಸಣ್ಣ ಅಲೆಗಳಲ್ಲಿ ಅದನ್ನೇ ಮತ್ತೆ ಮತ್ತೆ ಉರು ಹೊಡೆಯುತ್ತವೆ. ಅವ್ವನ ಸಮಾಧಾನಕ್ಕೆ ಎಂದು ನನಗೆ ನಾನೇ ಹೇಳಿಕೊಂಡೆ. ಎಲ್ಲಿಯ ಸಮಾಧಾನ! ಆ ನೀರು ನನಗೆ ಬೇಕಾಗಿತ್ತು, ಅಷ್ಟೇ.

ವರ್ಷದ ತಿಥಿಗೆ ಬಂದ ನೆಂಟರ ಮುಂದೆ ಅವ್ವ ಹೇಳಿದಳು: "ಮಗಳ ಕೈಲೆ ನೀರ ಕುಡದ ಹೋದ್ರು. ಸೊಸಿ ಆ ಹೊತ್ತಿನ್ಯಾಗ ಬಾಜೂ ಮನ್ಯಾಗಿದ್ಲು." ವರ್ಷಗಟ್ಟಲೆ ಅಪ್ಪನ ಮೈ ಒರೆಸಿದ ನೀವು ಅನ್ನ ಬಡಿಸುತ್ತಿದ್ದಿರಿ. ಕೈ ನಿಂತಿತು. ನನ್ನನ್ನು ನೋಡಿದಿರಿ. ನಾನು — ನಾನು ಸಾರು ಕೇಳಿದೆ.

ಮೊನ್ನೆ ಅವ್ವನಿಗೆ ನಿಜ ಹೇಳಿದೆ. ಸಿಟ್ಟಿಗೆದ್ದಳು. ತಾನು ಕಣ್ಣಾರೆ ಕಂಡಿದ್ದೇನೆ, ನನ್ನ ಕೈಯಲ್ಲಿ ಬೆಳ್ಳಿ ಲೋಟವಿತ್ತು ಎಂದಳು. ಬೆಳ್ಳಿ ಲೋಟದ ಮಾತನ್ನು ನಾನು ಎಂದೂ ಆಡಿರಲಿಲ್ಲ. ಅದನ್ನು ಅವಳ ಮಿದುಳೇ ಜೋಡಿಸಿಕೊಂಡಿದೆ. ಕಟ್ಟುವುದು ಗೊತ್ತಿತ್ತು ನನಗೆ, ಬಿಡಿಸುವುದು ಗೊತ್ತಿಲ್ಲ.

ನಿನ್ನೆ ನಿಮಗೆ ಫೋನಿನಲ್ಲಿ ಎಲ್ಲ ಹೇಳಿ, ಬೈಯುತ್ತೀರಿ ಎಂದು ಕಾದೆ. ನೀವು ಅಂದಿರಿ: "ಇರ್ಲಿ ಬಿಡ್ರಿ. ಮಾವಾರಿಗೆ ಆಗ ಕಣ್ಣ ಕಾಣ್ತಿದ್ದಿಲ್ಲ. ಮಗಳು ಬಂದ್ಲೇನ ಅಂತ ಒಂದಽ ಸವನ ಕೇಳಾಕತ್ತಿದ್ರು, ನೀರ ಕುಡೀಲೇ ಇಲ್ಲ. ಬಂದಾಳ್ರಿ, ಆಕೀನ ಹಾಕಾಕತ್ತಾಳ ಅಂದೆ. ಆಮ್ಯಾಲೆ ಕುಡದ್ರು."

ಫೋನು ಇಟ್ಟು ಅತ್ತೆ. ಅಪ್ಪನಿಗೆ ನನ್ನನ್ನು ಕೊಟ್ಟವರು ನೀವು. ಅವ್ವನಿಂದ ನಿಮ್ಮನ್ನು ಕಸಿದವಳು ನಾನು.

ಇರ್ಲಿ ಬಿಡ್ರಿ ಅಂದಿರಿ. ಇಲ್ಲ, ಬಿಡುವುದಿಲ್ಲ. ಭಾನುವಾರ ಬರುತ್ತೇನೆ. ತಿಥಿಗೆ ಬಂದಿದ್ದವರನ್ನೆಲ್ಲ ಕರೆಸಲು ಅಣ್ಣನಿಗೆ ಹೇಳಿದ್ದೇನೆ. ಅವ್ವ ನಂಬಲಿಕ್ಕಿಲ್ಲ, ಎಲ್ಲರೆದುರು ನನ್ನನ್ನೇ ಬೈಯಬಹುದು. ಆದರೂ ಹೇಳುತ್ತೇನೆ — ಅಪ್ಪ ಕರೆಯುತ್ತಿದ್ದಾಗ ನಾನು ಬರಲಿಲ್ಲ, ನೀರು ಬಿಟ್ಟವರು ಇವರು ಎಂದು. ನೀವು ಮಾತ್ರ ಎದ್ದುಹೋಗಬಾರದು, ವೈನಿ. ಕೂತು ಕೇಳಬೇಕು.